‘ಕಳತ್ತೂರ್ ಕಣ್ಣಮ್ಮ’ (1960): ಪದೇ ಪದೇ ಕೇಳುವ ಪ್ರಶ್ನೆಗಳು

ಕಮಲ್ ಹಾಸನ್ ನಟಿಸಿದ ಮೊದಲ ಚಿತ್ರ ಯಾವುದು ಎಂಬುದು ರಸಪ್ರಶ್ನೆ ಕಾರ್ಯಕ್ರಮಗಳಲ್ಲಿ ಕೇಳಿ ಕೇಳಿ ಸವೆದುಹೋದ ಪ್ರಶ್ನೆ. ಅದಕ್ಕೆ ಥಟ್ಟನೆ ಉತ್ತರ ಕೊಡುವವರಲ್ಲಿ ಹೆಚ್ಚಿನವರು ಆ ಚಿತ್ರವನ್ನು ನೋಡಿರುವುದಿಲ್ಲ. ನೋಡಿದವರಿಗೂ ಒಬ್ಬ ಪುಟ್ಟ ಹುಡುಗ ಕೈಮುಗಿದು ಹಾಡುವ ಒಂದು ಹಾಡಿನ ಹೊರತು ಬೇರೇನೂ ನೆನಪಿರುವುದಿಲ್ಲ. ಒಬ್ಬ ದೊಡ್ಡ ನಟನ ಬಾಲ್ಯದ ನೆನಪಿಗಾಗಿ ಮಾತ್ರ ಉಳಿಸಿಕೊಳ್ಳಬೇಕಾದ ಚಿತ್ರ ಇದಲ್ಲವೆಂಬುದು ಈ ಬರಹಗಾರನ ಅಭಿಪ್ರಾಯ. ಚಿತ್ರವನ್ನು ಮೊದಲ ಬಾರಿಗೆ ನೋಡಲು ಹೊರಟವರೂ, ಎಂದೋ ನೋಡಿ ಅರ್ಧ ಮರೆತವರೂ ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ಕಥೆಯ ಮುಖ್ಯ ತಿರುವುಗಳನ್ನು ಬಚ್ಚಿಟ್ಟಿಲ್ಲ.

ಇದು ಯಾರು ತಯಾರಿಸಿದ ಚಿತ್ರ? ಯಾರೆಲ್ಲ ಇದ್ದಾರೆ?

ಮದರಾಸಿನ ಎ.ವಿ.ಎಂ. ಸಂಸ್ಥೆಗಾಗಿ ಎ.ವಿ. ಮೆಯ್ಯಪ್ಪನ್ ನಿರ್ಮಿಸಿದ ಈ ಕಪ್ಪು-ಬಿಳುಪು ತಮಿಳು ಚಿತ್ರ 1960ರ ಆಗಸ್ಟ್ 12ರಂದು ತೆರೆಕಂಡಿತು. ಜೆಮಿನಿ ಗಣೇಶನ್ ಮತ್ತು ಸಾವಿತ್ರಿ ನಾಯಕ-ನಾಯಕಿಯರು. ಟಿ.ಎಸ್. ಬಾಲಯ್ಯ, ಎಸ್.ವಿ. ಸುಬ್ಬಯ್ಯ, ದೇವಿಕಾ, ಮನೋರಮಾ, ಕುಲದೈವಂ ರಾಜಗೋಪಾಲ್ ಉಳಿದ ಪಾತ್ರಗಳಲ್ಲಿದ್ದಾರೆ. ಸೆಲ್ವಂ ಎಂಬ ಹುಡುಗನ ಪಾತ್ರ ಕಮಲ್ ಹಾಸನ್ ಅವರದು. ಸಂಗೀತ ಆರ್. ಸುದರ್ಶನಂ ಅವರದು.

ಚಿತ್ರಕಥೆ ಬರೆದ ಜಾವರ್ ಸೀತಾರಾಮನ್ ಅವರ ಹೆಸರಿನ ಹಿಂದೆ ಒಂದು ಸ್ವಾರಸ್ಯವಿದೆ. ವಿಕ್ಟರ್ ಹ್ಯೂಗೋನ ಕಾದಂಬರಿಯನ್ನು ಆಧರಿಸಿದ ‘ಏಳೈ ಪಡುಂ ಪಾಡು’ (1950) ತಮಿಳು ಚಿತ್ರದಲ್ಲಿ ಅವರು ವಹಿಸಿದ ಪೊಲೀಸ್ ಅಧಿಕಾರಿ ಜಾವರ್‌ನ ಪಾತ್ರ ಎಷ್ಟು ಜನಪ್ರಿಯವಾಯಿತೆಂದರೆ, ಆ ಹೆಸರು ಅವರಿಗೆ ಶಾಶ್ವತವಾಗಿ ಅಂಟಿಕೊಂಡಿತು. ಹ್ಯೂಗೋನ ಆ ಕಥೆಯಲ್ಲಿಯೂ ತಾಯಿಯಿಂದ ಬೇರ್ಪಟ್ಟು ಪರರ ಮನೆಯಲ್ಲಿ ಬೆಳೆಯುವ ಒಂದು ಮಗುವಿದೆ ಎಂಬುದನ್ನು ಗಮನಿಸಬಹುದು.

ಕಥೆ ಏನು?

ಕಳತ್ತೂರಿನ ಜಮೀನ್ದಾರನ ಮಗ ರಾಜಲಿಂಗಂ ಅದೇ ಊರಿನ ರೈತನೊಬ್ಬನ ಮಗಳಾದ ಕಣ್ಣಮ್ಮನನ್ನು ಪ್ರೀತಿಸಿ, ಮನೆಯವರಿಗೆ ತಿಳಿಸದೆ ಮದುವೆಯಾಗುತ್ತಾನೆ. ಹೆಚ್ಚಿನ ಓದಿಗೆಂದು ಅವನು ವಿದೇಶಕ್ಕೆ ಹೋದ ಮೇಲೆ ಕಣ್ಣಮ್ಮ ಗರ್ಭಿಣಿ ಎಂದು ಗೊತ್ತಾಗುತ್ತದೆ. ಊರಿನ ಬಾಯಿಗೆ ಹೆದರಿದ ತಂದೆ ಮಗಳನ್ನು ಕರೆದುಕೊಂಡು ಊರು ಬಿಡುತ್ತಾನೆ, ಹುಟ್ಟಿದ ಗಂಡುಮಗುವನ್ನು ಅವಳಿಗೆ ತಿಳಿಯದಂತೆ ಅನಾಥಾಲಯಕ್ಕೆ ಸೇರಿಸಿ, ಮಗು ಸತ್ತುಹೋಯಿತೆಂದು ಹೇಳಿಬಿಡುತ್ತಾನೆ. ಇತ್ತ ಹಿಂದಿರುಗಿದ ರಾಜಲಿಂಗಂ ಹೆಂಡತಿಯ ನಡತೆಯ ಬಗ್ಗೆ ತಪ್ಪು ತಿಳಿದು ಅವಳಿಂದ ದೂರವಾಗುತ್ತಾನೆ.

ವರ್ಷಗಳು ಕಳೆಯುತ್ತವೆ. ಮಗು ಸೆಲ್ವಂ ಎಂಬ ಹೆಸರಿನಿಂದ ಅನಾಥಾಲಯದಲ್ಲಿ ಬೆಳೆಯುತ್ತದೆ. ಅವನು ಓದುವ ಶಾಲೆಗೇ ಕಣ್ಣಮ್ಮ ಶಿಕ್ಷಕಿಯಾಗಿ ಬರುತ್ತಾಳೆ. ತಾಯಿ ಮಗನಿಗೆ ಪಾಠ ಹೇಳುತ್ತಾಳೆ, ಮಗ ತಾಯಿಗೆ ಅಂಟಿಕೊಳ್ಳುತ್ತಾನೆ, ತಮ್ಮಿಬ್ಬರ ಸಂಬಂಧವೇನೆಂದು ಮಾತ್ರ ಇಬ್ಬರಿಗೂ ಗೊತ್ತಿಲ್ಲ. ಮುಂದೆ ಹಳೆಯ ಸುಳ್ಳುಗಳು ಒಂದೊಂದಾಗಿ ಬಿಚ್ಚಿಕೊಂಡು ಮೂವರೂ ಒಂದಾಗುವವರೆಗೆ ಕಥೆ ಸಾಗುತ್ತದೆ.

ತಂದೆ-ತಾಯಿ ಇಬ್ಬರೂ ಬದುಕಿರುವಾಗ ಸೆಲ್ವಂ ಅನಾಥ ಹೇಗಾಗುತ್ತಾನೆ?

ಈ ಚಿತ್ರದ ಬಗ್ಗೆ ಕೇಳಬಹುದಾದ ಪ್ರಶ್ನೆಗಳಲ್ಲಿ ಬಹುಶಃ ಇದೇ ಅತ್ಯಂತ ಮುಖ್ಯವಾದದ್ದು. ಅನಾಥ ಮಗುವಿನ ಕಥೆಗಳಲ್ಲಿ ಸಾಮಾನ್ಯವಾಗಿ ಸಾವು, ಬಡತನ, ಪ್ರವಾಹ, ಜಾತ್ರೆಯಲ್ಲಿ ಕೈ ತಪ್ಪುವುದು ಇಂಥ ಯಾವುದೋ ವಿಧಿಯಾಟದಿಂದ ಮಗು ಒಂಟಿಯಾಗುತ್ತದೆ. ಇಲ್ಲಿ ಹಾಗಲ್ಲ. ಸೆಲ್ವಂನ ತಂದೆ ಬದುಕಿದ್ದಾನೆ, ತಾಯಿ ಬದುಕಿದ್ದಾಳೆ, ಅಜ್ಜಂದಿರೂ ಇದ್ದಾರೆ, ಸಾಲದ್ದಕ್ಕೆ ಒಂದು ಜಮೀನ್ದಾರಿಯೇ ಇದೆ. ಅವನನ್ನು ಅನಾಥನನ್ನಾಗಿ ಮಾಡಿದ್ದು ದೊಡ್ಡವರು ಆಡಿದ ಸುಳ್ಳು ಮತ್ತು ಆಡದೆ ಉಳಿಸಿಕೊಂಡ ಸತ್ಯ. ಮದುವೆಯನ್ನು ಮನೆಯಲ್ಲಿ ಹೇಳದೆ ಹೋದ ಗಂಡ, ಮರ್ಯಾದೆಗೆ ಅಂಜಿ ಮಗು ಸತ್ತಿತೆಂದ ಅಜ್ಜ, ಕೇಳಿ ತಿಳಿದುಕೊಳ್ಳುವ ಮೊದಲೇ ತೀರ್ಪು ಕೊಟ್ಟ ಅದೇ ಗಂಡ, ಎಲ್ಲವನ್ನೂ ನುಂಗಿಕೊಂಡು ಸುಮ್ಮನಿದ್ದ ಹೆಂಡತಿ: ಇವರಲ್ಲಿ ಯಾರಾದರೂ ಒಬ್ಬರು ಒಂದೇ ಒಂದು ವಾಕ್ಯವನ್ನು ಸಕಾಲದಲ್ಲಿ ಆಡಿದ್ದರೆ ಸೆಲ್ವಂ ಅನಾಥಾಲಯದ ಅಂಗಳದಲ್ಲಿ ಬೆಳೆಯಬೇಕಾಗಿರಲಿಲ್ಲ.

ಕನ್ನಡದ ಓದುಗರಿಗೆ ಇಲ್ಲಿ ಗೋವಿನ ಹಾಡು ನೆನಪಾಗುವುದು ಸಹಜ. ‘ತಬ್ಬಲಿಯು ನೀನಾದೆ ಮಗನೆ’ ಎಂದು ಪುಣ್ಯಕೋಟಿ ಕರುವಿಗೆ ಹೇಳುವಾಗ ಅವಳಿನ್ನೂ ಬದುಕಿಯೇ ಇದ್ದಾಳೆ. ಕೊಟ್ಟ ಮಾತಿಗೆ ತಪ್ಪದ ತಾಯಿ ಮಗುವಿನ ಮುಖ ನೋಡಿ ಸತ್ಯವನ್ನು ಹೇಳುತ್ತಾಳೆ, ಅಕ್ಕ-ತಂಗಿಯರಿಗೆ ಅದನ್ನು ಒಪ್ಪಿಸಿ ಹೋಗುತ್ತಾಳೆ. ಆ ಕರು ಸತ್ಯದಿಂದ ತಬ್ಬಲಿಯಾಗಲಿದ್ದು, ಕೊನೆಗೆ ಅದೇ ಸತ್ಯದಿಂದ ಉಳಿಯಿತು. ಸೆಲ್ವಂ ತಬ್ಬಲಿಯಾದದ್ದು ಸುಳ್ಳಿನಿಂದ. ಎರಡು ಕಥೆಗಳಿಗೂ ಯಾವ ನಂಟೂ ಇಲ್ಲವೆಂಬುದು ನಿಜ, ಆದರೂ ಚಿತ್ರವನ್ನು ನೋಡುವಾಗ ಈ ವ್ಯತ್ಯಾಸ ಮನಸ್ಸಿನ ಹಿಂದೆ ನಿಂತಿರುತ್ತದೆ.

ಕಥೆ ಮಗುವಿನದಾದರೆ ಹೆಸರು ತಾಯಿಯದೇಕೆ?

ಶೀರ್ಷಿಕೆಯ ಅರ್ಥ ‘ಕಳತ್ತೂರಿನ ಕಣ್ಣಮ್ಮ’ ಎಂದಷ್ಟೆ. ಆದರೆ ತಮಿಳು ಕಿವಿಗೆ ‘ಕಣ್ಣಮ್ಮ’ ಎನ್ನುವುದು ಬರಿಯ ಹೆಸರಲ್ಲ, ಅಕ್ಕರೆಯಿಂದ ಕರೆಯುವ ಕರೆ. ಮಹಾಕವಿ ಸುಬ್ರಹ್ಮಣ್ಯ ಭಾರತಿಯವರು ತಮ್ಮ ಕವಿತೆಗಳಲ್ಲಿ ಒಮ್ಮೆ ಕಣ್ಣಮ್ಮನನ್ನು ಮಗುವೆಂದೂ, ಮತ್ತೊಮ್ಮೆ ಪ್ರೇಯಸಿಯೆಂದೂ, ಇನ್ನೊಮ್ಮೆ ಕುಲದೈವವೆಂದೂ ಹಾಡಿದ್ದಾರೆ. ಹಾಗಾಗಿ ಆ ಒಂದು ಹೆಸರಿನಲ್ಲಿ ಹೆಂಡತಿಯೂ ಇದ್ದಾಳೆ, ಮಗುವಿನ ಮೇಲಿನ ಮಮತೆಯೂ ಇದೆ. ‘ಸೆಲ್ವಂ’ ಎಂದರೆ ಸಂಪತ್ತು, ಐಶ್ವರ್ಯ. ಜಮೀನ್ದಾರನ ಮೊಮ್ಮಗನಿಗೆ ಅನಾಥಾಲಯದಲ್ಲಿ ದಕ್ಕಿದ ಐಶ್ವರ್ಯ ಆ ಹೆಸರೊಂದೇ.

ಇನ್ನೊಂದು ಸಂಗತಿಯನ್ನೂ ಇಲ್ಲಿ ಹೇಳಬೇಕು. ಇದೇ ಕಥೆ ಹಿಂದಿಗೆ ಹೋದಾಗ ‘ಮೈ ಚುಪ್ ರಹೂಂಗಿ’ ಎಂದಾಯಿತು, ಅಂದರೆ ‘ನಾನು ಸುಮ್ಮನಿರುತ್ತೇನೆ’. ತೆಲುಗಿಗೆ ಹೋದಾಗ ‘ಮೂಗ ನೋಮು’ ಎಂದಾಯಿತು, ಅಂದರೆ ಮೌನದ ನೋಂಪಿ. ತಮಿಳು ಶೀರ್ಷಿಕೆ ಹೆಣ್ಣಿನ ಹೆಸರು ಹೇಳಿದರೆ, ಉಳಿದೆರಡು ಅವಳ ಮೌನದ ಹೆಸರು ಹೇಳುತ್ತವೆ. ಮೂರನ್ನೂ ಒಟ್ಟಿಗೆ ಇಟ್ಟು ನೋಡಿದರೆ ಕಥೆಯ ತಿರುಳು ಎಲ್ಲಿದೆ ಎಂಬುದನ್ನು ಶೀರ್ಷಿಕೆಗಳೇ ತೋರಿಸುತ್ತವೆ.

ಇದು ಶಾಕುಂತಲದ ಕಥೆಯಂತಿದೆಯಲ್ಲ?

ಹೌದು, ಎಲುಬಿನ ಗೂಡು ಅದೇ. ಗುಟ್ಟಾದ ಮದುವೆ, ದೂರ ಹೋದ ಗಂಡ, ಅವನ ನಿರಾಕರಣೆ, ತಂದೆಯ ಹೆಸರು ತಿಳಿಯದೆ ಆಶ್ರಮದಂಥ ಕಡೆ ಬೆಳೆಯುವ ಮಗ, ಕೊನೆಗೆ ಆ ಮಗನ ಮೂಲಕವೇ ಒಂದಾಗುವ ಸಂಸಾರ. ಆದರೆ ಶಕುಂತಲೆಯ ಮಗ ತಾಯಿಯ ಮಡಿಲಲ್ಲಿ ಬೆಳೆದ, ಸಿಂಹದ ಮರಿಯ ಹಲ್ಲು ಎಣಿಸುತ್ತಾ ಆಡಿದ. ಸೆಲ್ವಂಗೆ ಆ ಮಡಿಲೂ ಇಲ್ಲ. ಕಾಳಿದಾಸನಲ್ಲಿ ದುಷ್ಯಂತನ ಮರೆವಿಗೆ ದೂರ್ವಾಸರ ಶಾಪ ಕಾರಣ, ಇಲ್ಲಿ ಶಾಪವಿಲ್ಲ, ರಾಜಲಿಂಗಂಗೆ ಹೇಳಿಕೊಳ್ಳಲು ಅಂಥ ನೆಪವೂ ಇಲ್ಲ.

ನಿರ್ದೇಶಕರು ಇಬ್ಬರು ಎಂದು ಕೇಳಿದ್ದೇವೆ. ನಿಜವೇ?

ಚಿತ್ರೀಕರಣ ಆರಂಭವಾದದ್ದು ಟಿ. ಪ್ರಕಾಶ್ ರಾವ್ ಅವರ ನಿರ್ದೇಶನದಲ್ಲಿ. ನಿರ್ಮಾಪಕರೊಂದಿಗೆ ಭಿನ್ನಾಭಿಪ್ರಾಯ ಬಂದು ಅವರು ಹಿಂದೆ ಸರಿದ ಮೇಲೆ ಎ. ಭೀಮ್‌ಸಿಂಗ್ ಚಿತ್ರವನ್ನು ಮುಂದುವರಿಸಿ ಪೂರ್ಣಗೊಳಿಸಿದರು. ಚಿತ್ರ ಭೀಮ್‌ಸಿಂಗ್ ಅವರದೆಂದೇ ದಾಖಲಾಗಿದೆ.

ಭೀಮ್‌ಸಿಂಗ್ ಅವರ ಚಿತ್ರಗಳ ಪಟ್ಟಿಯನ್ನು ನೋಡಿದವರಿಗೆ ಎರಡು ವಿಷಯಗಳು ಕಣ್ಣಿಗೆ ಬೀಳುತ್ತವೆ. ಒಂದು, ‘ಪಡಿಕ್ಕಾದ ಮೇದೈ’, ‘ಪಾವಮನ್ನಿಪ್ಪು’, ‘ಪಾಸಮಲರ್’, ‘ಪಾಲುಂ ಪಳಮುಂ’, ‘ಪಾರ್ತಾಲ್ ಪಸಿ ತೀರುಂ’ ಹೀಗೆ ಪಕಾರದಿಂದ ಶುರುವಾಗುವ ಹೆಸರುಗಳ ಮೇಲಿನ ಅವರ ಒಲವು. ನಮ್ಮ ಚಿತ್ರ ಆ ಸಾಲಿನಿಂದ ಹೊರಗೆ ಉಳಿದಿದೆ. ಇನ್ನೊಂದು, ರಕ್ತಸಂಬಂಧ ಕಡಿದುಹೋದ ಮಕ್ಕಳ ಮೇಲೆ ಅವರ ಕಣ್ಣು ಮತ್ತೆ ಮತ್ತೆ ನಿಲ್ಲುತ್ತದೆ. 1961ರ ‘ಪಾಸಮಲರ್’ನಲ್ಲಿ ತಂದೆ-ತಾಯಿ ಇಲ್ಲದ ಅಣ್ಣ-ತಂಗಿ ಇದ್ದಾರೆ, ಅದೇ ವರ್ಷದ ‘ಪಾವಮನ್ನಿಪ್ಪು’ವಿನಲ್ಲಿ ಹೆತ್ತವರಿಂದ ದೂರವಾಗಿ ಬೇರೆ ಬೇರೆ ಧರ್ಮದವರ ಮನೆಗಳಲ್ಲಿ ಬೆಳೆಯುವ ಮಕ್ಕಳಿದ್ದಾರೆ. ಮಧ್ಯದಲ್ಲಿ ಕೈಗೆ ಬಂದ ಚಿತ್ರವಾದರೂ ‘ಕಳತ್ತೂರ್ ಕಣ್ಣಮ್ಮ’ ಅವರ ಮನೋಧರ್ಮಕ್ಕೆ ಪರಕೀಯವಾಗಿರಲಿಲ್ಲ.

ಕಮಲ್ ಹಾಸನ್ ಈ ಪಾತ್ರಕ್ಕೆ ಹೇಗೆ ಬಂದರು?

ಕಮಲ್ ಹುಟ್ಟಿದ್ದು 1954ರ ನವೆಂಬರ್ 7ರಂದು, ಪರಮಕುಡಿಯಲ್ಲಿ. ಚಿತ್ರ ತೆರೆಕಂಡಾಗ ಅವರಿಗೆ ಇನ್ನೂ ಆರು ತುಂಬಿರಲಿಲ್ಲ. ಈ ಪಾತ್ರಕ್ಕೆ ಮೊದಲು ಯೋಚಿಸಿದ್ದದ್ದು ಡೈಸಿ ಇರಾನಿಯವರನ್ನು. ಹುಡುಗನ ವೇಷದಲ್ಲಿ ನಟಿಸುವುದಕ್ಕೆ ಆಗ ದೇಶದಲ್ಲೆಲ್ಲ ಹೆಸರಾಗಿದ್ದ ಆ ಬಾಲನಟಿ, 1957ರ ‘ಯಾರ್ ಪೈಯನ್’ ಎಂಬ ತಮಿಳು ಚಿತ್ರದಲ್ಲಿ ಇದೇ ಜೆಮಿನಿ ಗಣೇಶನ್ ಮತ್ತು ಸಾವಿತ್ರಿಯವರ ಜೊತೆ ನಟಿಸಿದ್ದರು. ‘ಯಾರ ಹುಡುಗ?’ ಎಂಬ ಅರ್ಥದ ಆ ಶೀರ್ಷಿಕೆಯನ್ನು ನಮ್ಮ ಚಿತ್ರಕ್ಕೂ ಇಡಬಹುದಾಗಿತ್ತು.

ಅಷ್ಟರಲ್ಲಿ ಮೆಯ್ಯಪ್ಪನ್ ಅವರ ಮನೆಗೆ ಚಿಕಿತ್ಸೆಗಾಗಿ ಬರುತ್ತಿದ್ದ ವೈದ್ಯೆಯೊಬ್ಬರು ಒಂದು ದಿನ ತಮ್ಮ ಜೊತೆ ಪುಟ್ಟ ಕಮಲ್‌ನನ್ನು ಕರೆದುಕೊಂಡು ಬಂದರೆಂದೂ, ಹುಡುಗನ ಚುರುಕುತನ ಮೆಯ್ಯಪ್ಪನ್ ಅವರ ಮಗ ಎಂ. ಸರವಣನ್ ಅವರ ಕಣ್ಣಿಗೆ ಬಿದ್ದು, ಅವರು ತಂದೆಯ ಮುಂದೆ ನಿಲ್ಲಿಸಿದರೆಂದೂ ಎ.ವಿ.ಎಂ. ವಲಯದಲ್ಲಿ ಹೇಳುತ್ತಾ ಬಂದಿದ್ದಾರೆ. ಹೀಗೆ ಯಾರದೋ ಜೊತೆ ಆಕಸ್ಮಿಕವಾಗಿ ಬಂದ ಮಗು, ಆಗಲೇ ಹೆಸರು ಮಾಡಿದ್ದ ಬಾಲತಾರೆಯ ಸ್ಥಾನದಲ್ಲಿ ನಿಂತಿತು.

ಪರದೆಯ ಮೇಲೆ ಇದರಿಂದ ಆದ ಲಾಭ ಸ್ಪಷ್ಟವಾಗಿ ಕಾಣುತ್ತದೆ. ಪಳಗಿದ ಬಾಲನಟರಲ್ಲಿ ಸಂಭಾಷಣೆಯನ್ನು ಒಪ್ಪಿಸುವ ಒಂದು ಧಾಟಿ ಇರುತ್ತದೆ, ಎದುರಿನವರ ಮಾತು ಮುಗಿಯುವುದನ್ನೇ ಕಾದು ತಮ್ಮ ಮಾತನ್ನು ಶುರುಮಾಡುತ್ತಾರೆ. ಈ ಹುಡುಗನಲ್ಲಿ ಆ ಧಾಟಿ ಕಡಿಮೆ. ಎದುರಿಗಿರುವವರ ಮುಖವನ್ನೇ ನೋಡುತ್ತಾ ಕೇಳಿಸಿಕೊಳ್ಳುತ್ತಾನೆ. ತನ್ನನ್ನು ಮುಟ್ಟಿ ಮಾತನಾಡಿಸುವ ದೊಡ್ಡವರು ಸಿಕ್ಕರೆ ಸಾಕೆಂದು ಕಾಯುವ ಮಗುವಿನ ಹಸಿವು ಆ ನೋಟದಲ್ಲಿದೆ.

ಆ ಅಭಿನಯಕ್ಕೆ ರಾಷ್ಟ್ರಪ್ರಶಸ್ತಿ ಬಂತೇ?

ಕಮಲ್ ಅವರಿಗೆ ಈ ಪಾತ್ರಕ್ಕಾಗಿ ರಾಷ್ಟ್ರಪತಿಗಳ ಪದಕ ದೊರೆಯಿತೆಂದು ಅವರ ಕುರಿತ ಬರಹಗಳೆಲ್ಲ ಹೇಳುತ್ತವೆ. ಇದನ್ನು ಇಂದಿನ ‘ಅತ್ಯುತ್ತಮ ಬಾಲನಟ’ ಪ್ರಶಸ್ತಿಯೊಂದಿಗೆ ಬೆರೆಸಬಾರದು, ಏಕೆಂದರೆ ಆ ವಿಭಾಗ ಶುರುವಾದದ್ದೇ 1968ರ ಚಿತ್ರಗಳಿಂದ. ಅದನ್ನು ಮೊದಲು ಪಡೆದದ್ದು ‘ಕುಳಂದೈಕ್ಕಾಗ’ ಎಂಬ ತಮಿಳು ಚಿತ್ರಕ್ಕಾಗಿ ಬೇಬಿ ರಾಣಿ. ಕನ್ನಡಿಗರಿಗೆ ಈ ಪ್ರಶಸ್ತಿ ಎಂದೊಡನೆ ‘ಬೆಟ್ಟದ ಹೂವು’ (1985) ಚಿತ್ರದ ಪುನೀತ್ ನೆನಪಾಗುತ್ತಾರೆ. ‘ಕಳತ್ತೂರ್ ಕಣ್ಣಮ್ಮ’ಕ್ಕೆ ಚಿತ್ರವಾಗಿ ದೊರೆತದ್ದು 1960ರ ಸಾಲಿನ ರಾಷ್ಟ್ರಪ್ರಶಸ್ತಿಗಳಲ್ಲಿ ತಮಿಳಿನ ಮೂರನೆಯ ಅತ್ಯುತ್ತಮ ಚಿತ್ರವೆಂಬ ಅರ್ಹತಾ ಪತ್ರ. ಆ ವರ್ಷ ತಮಿಳಿನ ರಜತ ಪದಕ ‘ಪಾರ್ತಿಬನ್ ಕನವು’ ಚಿತ್ರಕ್ಕೆ ಸಂದಿತು.

‘ಅಮ್ಮಾವುಂ ನೀಯೇ’ ಹಾಡಿನಲ್ಲಿ ಅಂಥದ್ದೇನಿದೆ?

‘ಅಮ್ಮನೂ ನೀನೇ, ಅಪ್ಪನೂ ನೀನೇ’ ಎಂದು ಶುರುವಾಗುವ ಈ ಹಾಡು ಮುರುಗನನ್ನು ಕುರಿತದ್ದು. ‘ತ್ವಮೇವ ಮಾತಾ ಚ ಪಿತಾ ತ್ವಮೇವ’ ಎಂಬ ಶ್ಲೋಕವನ್ನು ನಾವೆಲ್ಲ ಚಿಕ್ಕಂದಿನಲ್ಲಿ ಅರ್ಥ ಯೋಚಿಸದೆ ಹೇಳಿದವರೇ. ಮನೆಯಲ್ಲಿ ತಂದೆ-ತಾಯಿ ಇರುವವರ ಬಾಯಲ್ಲಿ ಅದು ಅಲಂಕಾರದ ಮಾತು. ತಂದೆ-ತಾಯಿ ಯಾರೆಂದೇ ತಿಳಿಯದ ಮಗುವಿನ ಬಾಯಿಗೆ ಅದೇ ಮಾತನ್ನು ಕೊಟ್ಟಾಗ ಅಲಂಕಾರ ಕಳಚಿಬಿದ್ದು ಅದು ಅಕ್ಷರಶಃ ಸತ್ಯವಾಗುತ್ತದೆ. ಬೇರೆ ಯಾರೂ ಇಲ್ಲ, ಆದ್ದರಿಂದ ನೀನೇ. ಹಾಡಿನ ಶಕ್ತಿ ಇರುವುದು ಈ ಒಂದು ಪಲ್ಲಟದಲ್ಲಿ.

ಇನ್ನೂ ಹತ್ತಿರದಿಂದ ಕೇಳಿದರೆ ಎರಡು ಸೂಕ್ಷ್ಮಗಳು ಸಿಗುತ್ತವೆ. ಮೊದಲನೆಯದು, ಹಾಡುವವನು ಒಬ್ಬ ಹುಡುಗನಾದರೂ ಹಾಡು ‘ನಾನು’ ಎನ್ನುವುದಿಲ್ಲ, ‘ನಾವು’ ಎನ್ನುತ್ತದೆ. ತಂದೆಯ ಮುಖ, ತಾಯಿಯ ಮುಖ ಕಂಡರಿಯೆವು ಎಂದು ಬಹುವಚನದಲ್ಲಿ ದೂರು ಸಲ್ಲಿಸುತ್ತದೆ. ನಿಜವಾಗಿ ತಂದೆ-ತಾಯಿ ಇರುವ ಸೆಲ್ವಂ, ನಿಜವಾಗಿ ಯಾರೂ ಇಲ್ಲದ ಮಕ್ಕಳೆಲ್ಲರ ಪರವಾಗಿ ದೇವರ ಮುಂದೆ ನಿಂತಿದ್ದಾನೆ. ಕಥೆ ಮುಗಿಯುವಾಗ ಅವನಿಗೆ ಮನೆ ಸಿಗುತ್ತದೆ, ಆ ‘ನಾವು’ ಎಂಬುದರಲ್ಲಿ ಸೇರಿದ್ದ ಉಳಿದವರಿಗೆ ಏನಾಯಿತೆಂಬ ಪ್ರಶ್ನೆಯನ್ನು ಹಾಡು ಹಿಂದೆ ಬಿಟ್ಟುಹೋಗುತ್ತದೆ. ಎರಡನೆಯದು, ಹಾಡಿನ ಉಪಮೆಗಳು. ಬೆಕ್ಕು, ನಾಯಿ, ಗಿಳಿಗಳು ಕೂಡ ಮನುಷ್ಯರ ಮಡಿಲಲ್ಲಿ ಹೆತ್ತ ಮಕ್ಕಳಂತೆ ಇರುತ್ತವಲ್ಲ ಎಂದು ಹುಡುಗ ಕೇಳುತ್ತಾನೆ. ಅನಾಥ ಮಗು ಅಸೂಯೆಪಡುವುದು ಬೇರೆ ಮಕ್ಕಳನ್ನು ಕಂಡಲ್ಲ, ಮಡಿಲು ಸಿಕ್ಕ ಬೆಕ್ಕನ್ನು ಕಂಡು. ಮಕ್ಕಳ ಕಣ್ಣಿಗೆ ಬೀಳುವುದೇ ಇಂಥದ್ದು. ದೊಡ್ಡವರ ತತ್ತ್ವವನ್ನು ಮಗುವಿನ ಬಾಯಲ್ಲಿ ತುರುಕದೆ ಬರೆದದ್ದಕ್ಕಾಗಿ ಕವಿಗೆ ಕೈಮುಗಿಯಬೇಕು.

ಹಾಡಿನಲ್ಲಿ ಕೇಳಿಸುವ ದನಿ ಕಮಲ್ ಅವರದೇ?

ಅಲ್ಲ. ಅದು ಎಂ.ಎಸ್. ರಾಜೇಶ್ವರಿ ಅವರ ದನಿ. 1947ರ ‘ನಾಂ ಇರುವರ್’ ಚಿತ್ರದಿಂದಲೂ ಎ.ವಿ.ಎಂ. ಚಿತ್ರಗಳಿಗೆ ಹಾಡುತ್ತಿದ್ದ ಅವರು ಮಕ್ಕಳ ದನಿಯಲ್ಲಿ ಹಾಡುವುದಕ್ಕೆ ಪ್ರಸಿದ್ಧರು. 1965ರ ‘ಕುಳಂದೈಯುಂ ದೈವಮುಂ’ ಚಿತ್ರದ ‘ಕೋಳಿ ಒರು ಕೂಟ್ಟಿಲೇ’ ಹಾಡೂ ಅವರದೇ. ಮಗುವಿನ ದನಿಯೆಂದರೆ ಮೂಗಿನಲ್ಲಿ ಹಾಡುವುದೆಂದು ತಿಳಿದವರು ರಾಜೇಶ್ವರಿಯವರನ್ನು ಒಮ್ಮೆ ಕೇಳಬೇಕು.

ಸಾವಿತ್ರಿ ಮತ್ತು ಜೆಮಿನಿ ಗಣೇಶನ್ ಅವರ ಅಭಿನಯ ಹೇಗಿದೆ?

ಸಾವಿತ್ರಿಯವರಿಗೆ ಇಲ್ಲಿ ಕಷ್ಟದ ಕೆಲಸವಿದೆ. ಮೊದಲ ಭಾಗದ ಹಳ್ಳಿಯ ಹುಡುಗಿಯೂ ನಂತರದ ಶಿಕ್ಷಕಿಯೂ ಒಬ್ಬಳೇ ಎಂದು ನಂಬಿಸಬೇಕು, ಮಗು ಸತ್ತಿದೆಯೆಂದು ನಂಬಿರುವ ತಾಯಿಯಾಗಿ ಕಣ್ಣೆದುರು ಆಡುವ ಮಗುವನ್ನು ಮುದ್ದಿಸಬೇಕು. ಪ್ರೇಕ್ಷಕರಿಗೆ ಗೊತ್ತಿರುವುದು ಪಾತ್ರಕ್ಕೆ ಗೊತ್ತಿಲ್ಲ ಎಂಬ ಈ ಸ್ಥಿತಿಯಲ್ಲಿ ನಟಿ ಸ್ವಲ್ಪ ಹೆಚ್ಚು ಅತ್ತರೂ ಕಥೆ ಕೆಡುತ್ತದೆ. ಸಾವಿತ್ರಿ ತಮ್ಮ ದೊಡ್ಡ ಕಣ್ಣುಗಳಿಗೆ ಆ ಹೊಣೆಯನ್ನು ವಹಿಸಿ ಮುಖದ ಉಳಿದ ಭಾಗವನ್ನು ಸುಮ್ಮನಿರಿಸುತ್ತಾರೆ.

ಜೆಮಿನಿ ಅವರದು ಹೆಚ್ಚು ಇಷ್ಟವಾಗದ ಪಾತ್ರ. ಪ್ರೀತಿಸುವಾಗ ಧೈರ್ಯ, ಹೇಳಬೇಕಾದಾಗ ಅಂಜಿಕೆ, ಅನುಮಾನ ಬಂದಾಗ ಅವಸರ. ಇಂಥ ಗಂಡಸಿನ ಮೇಲೆ ಪ್ರೇಕ್ಷಕರು ಪೂರ್ತಿ ಸಿಟ್ಟಾಗದಂತೆ ಅವರ ಸೌಮ್ಯ ಮುಖ ನೋಡಿಕೊಳ್ಳುತ್ತದೆ, ಅದು ಸರಿಯೋ ತಪ್ಪೋ ಬೇರೆ ಮಾತು. ನಿಜಜೀವನದಲ್ಲಿಯೂ ಈ ಜೋಡಿ 1950ರ ದಶಕದ ಆರಂಭದಲ್ಲಿ ಗುಟ್ಟಾಗಿ ಮದುವೆಯಾಗಿ, ಅದು ಕೆಲವು ವರ್ಷಗಳ ನಂತರವೇ ಹೊರಬಿದ್ದಿತ್ತು. ಆ ಸುದ್ದಿ ತಿಳಿದಿದ್ದ ಅಂದಿನ ಪ್ರೇಕ್ಷಕರು ತೆರೆಯ ಮೇಲಿನ ಗುಟ್ಟಿನ ಮದುವೆಯನ್ನು ಬರಿಯ ಕಥೆಯೆಂದು ನೋಡಿರಲಾರರು.

ಈ ಕಥೆ ಬೇರೆ ಯಾವ ಭಾಷೆಗಳಿಗೆ ಹೋಯಿತು?

ಹಿಂದಿಯ ‘ಮೈ ಚುಪ್ ರಹೂಂಗಿ’ (1962) ಚಿತ್ರವನ್ನು ಭೀಮ್‌ಸಿಂಗ್ ಅವರೇ ನಿರ್ದೇಶಿಸಿದರು. ಮೀನಾ ಕುಮಾರಿ ಮತ್ತು ಸುನಿಲ್ ದತ್ ಮುಖ್ಯ ಪಾತ್ರಗಳಲ್ಲಿದ್ದರು. ಆ ವರ್ಷದ ಫಿಲ್ಮ್‌ಫೇರ್ ಅತ್ಯುತ್ತಮ ನಟಿ ಪ್ರಶಸ್ತಿಗೆ ನಾಮನಿರ್ದೇಶನಗೊಂಡ ಮೂರೂ ಪಾತ್ರಗಳು ಮೀನಾ ಕುಮಾರಿಯವರವೇ ಆಗಿದ್ದವು, ಅವುಗಳಲ್ಲಿ ಇದೂ ಒಂದು. ಪ್ರಶಸ್ತಿ ಬಂದದ್ದು ಮಾತ್ರ ‘ಸಾಹಿಬ್ ಬೀಬಿ ಔರ್ ಗುಲಾಮ್’ ಚಿತ್ರಕ್ಕೆ. ತಮಿಳಿನ ‘ಅಮ್ಮಾವುಂ ನೀಯೇ’ ಇದ್ದ ಜಾಗದಲ್ಲಿ ಹಿಂದಿಯಲ್ಲಿ ಚಿತ್ರಗುಪ್ತ ಅವರ ಸಂಗೀತದಲ್ಲಿ ಲತಾ ಮಂಗೇಶ್ಕರ್ ಹಾಡಿದ ‘ತುಮ್ಹೀ ಹೋ ಮಾತಾ ಪಿತಾ ತುಮ್ಹೀ ಹೋ’ ಬಂತು. ಅದು ಸಿನಿಮಾದ ಹಾಡೆಂಬುದೇ ಮರೆತುಹೋಗುವಷ್ಟರ ಮಟ್ಟಿಗೆ ಉತ್ತರ ಭಾರತದ ಶಾಲೆಗಳಲ್ಲಿ ಬೆಳಗಿನ ಪ್ರಾರ್ಥನೆಯಾಗಿ ನೆಲೆ ನಿಂತಿದೆ. ಅನಾಥ ಮಗುವಿನ ಅಳಲು ಮನೆಯುಳ್ಳ ಲಕ್ಷಾಂತರ ಮಕ್ಕಳ ದಿನಚರಿಯಾದದ್ದು ವಿಚಿತ್ರವಾದರೂ ಸತ್ಯ.

ತೆಲುಗಿನ ‘ಮೂಗ ನೋಮು’ 1969ರಲ್ಲಿ ಬಂತು, ಅಕ್ಕಿನೇನಿ ನಾಗೇಶ್ವರರಾವ್ ಮತ್ತು ಜಮುನಾ ನಟಿಸಿದ್ದರು. 1963ರಲ್ಲಿ ಸಿಂಹಳದಲ್ಲಿಯೂ ‘ಮಂಗಲಿಕಾ’ ಎಂಬ ಹೆಸರಿನಲ್ಲಿ ಈ ಕಥೆ ತೆರೆಗೆ ಬಂದಿತ್ತು.

ಕನ್ನಡದೊಂದಿಗೆ ಈ ಚಿತ್ರಕ್ಕೆ ಏನಾದರೂ ನಂಟಿದೆಯೇ?

ಚಿತ್ರಕ್ಕಿಂತ ಹೆಚ್ಚಾಗಿ ಅದನ್ನು ಮಾಡಿದವರಿಗೆ ಇದೆ. ಆರ್. ನಾಗೇಂದ್ರರಾಯರು, ಎಂ.ವಿ. ಸುಬ್ಬಯ್ಯ ನಾಯ್ಡು ಅವರಿದ್ದ 1943ರ ಕನ್ನಡ ಹರಿಶ್ಚಂದ್ರನ ಚಿತ್ರವನ್ನು ಮೆಯ್ಯಪ್ಪನ್ ತಮಿಳಿಗೆ ಡಬ್ ಮಾಡಿಸಿ 1944ರಲ್ಲಿ ತೆರೆಗೆ ತಂದರು. ಭಾರತದಲ್ಲಿ ಒಂದು ಭಾಷೆಯಿಂದ ಇನ್ನೊಂದಕ್ಕೆ ಡಬ್ ಆದ ಮೊದಲ ಚಿತ್ರವೆಂದು ಅದನ್ನೇ ಸಾಮಾನ್ಯವಾಗಿ ಗುರುತಿಸುತ್ತಾರೆ. ರಾಜ್‌ಕುಮಾರ್ ನಾಯಕರಾದ ಮೊದಲ ಚಿತ್ರ ‘ಬೇಡರ ಕಣ್ಣಪ್ಪ’ (1954) ಕೂಡ ಎ.ವಿ.ಎಂ. ಸಹಯೋಗದಲ್ಲಿ ಬಂದದ್ದು, ಅದರ ಸಂಗೀತವೂ ಆರ್. ಸುದರ್ಶನಂ ಅವರದೇ.

ಈ ಕೊನೆಯ ಸಂಗತಿ ತಿಳಿದ ಮೇಲೆ ‘ಶಿವಪ್ಪ ಕಾಯೋ ತಂದೆ’ ಹಾಡನ್ನೂ ‘ಅಮ್ಮಾವುಂ ನೀಯೇ’ ಹಾಡನ್ನೂ ಒಂದರ ಹಿಂದೆ ಒಂದು ಕೇಳಿ ನೋಡಬೇಕು. ಅಲ್ಲಿ ಹಸಿದ ಹೊಟ್ಟೆಗಾಗಿ ದೇವರನ್ನು ತಂದೆಯೆಂದು ಕರೆಯಲಾಗುತ್ತದೆ, ಇಲ್ಲಿ ಮಡಿಲಿಗಾಗಿ. ಎರಡರಲ್ಲೂ ವಾದ್ಯಗಳು ಹಿಂದೆ ನಿಂತು, ಬೇಡುವ ದನಿಯನ್ನು ಮುಂದೆ ಬಿಟ್ಟಿವೆ. ಆರು ವರ್ಷಗಳ ಅಂತರದಲ್ಲಿ ಒಬ್ಬರೇ ಸಂಗೀತಗಾರ ಎರಡು ಭಾಷೆಗಳಿಗೆ ಕೊಟ್ಟ ಎರಡು ಬೇಡಿಕೆಗಳಿವು, ಎರಡೂ ಇನ್ನೂ ಹಳತಾಗಿಲ್ಲ.

ಇಂದಿನ ಕಾನೂನಿನ ಪ್ರಕಾರ ಅಜ್ಜ ಹೀಗೆ ಮಗುವನ್ನು ಅನಾಥಾಲಯಕ್ಕೆ ಬಿಡಬಹುದೇ?

ಬಿಡುವಂತಿಲ್ಲ. 2015ರ ಬಾಲನ್ಯಾಯ ಕಾಯ್ದೆ ಅನಾಥ ಮಗು, ತೊರೆದುಹೋದ ಮಗು, ಒಪ್ಪಿಸಲಾದ ಮಗು ಎಂದು ಬೇರೆ ಬೇರೆಯಾಗಿ ಗುರುತಿಸುತ್ತದೆ. ಮಗುವನ್ನು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಹೆತ್ತವರು ತಾವಾಗಿಯೇ ಒಪ್ಪಿಸುವುದಾದರೂ ಅದು ಸಮಿತಿಯ ಎದುರು, ಬರಹದ ಮೂಲಕ ಆಗಬೇಕು, ಆಮೇಲೂ ಮನಸ್ಸು ಬದಲಿಸಲು ಅವರಿಗೆ ಎರಡು ತಿಂಗಳ ಅವಕಾಶವಿರುತ್ತದೆ. ತಾಯಿಗೆ ತಿಳಿಸದೆ, ಮಗು ಸತ್ತಿತೆಂದು ಸುಳ್ಳು ಹೇಳಿ ಬೇರೊಬ್ಬರು ಒಪ್ಪಿಸುವುದಕ್ಕೆ ಇದರಲ್ಲಿ ಜಾಗವೇ ಇಲ್ಲ. ಚಿತ್ರ ತೆರೆಕಂಡ 1960ರಲ್ಲಿಯೇ ಅನಾಥಾಲಯಗಳ ಮೇಲ್ವಿಚಾರಣೆಗಾಗಿ ಸಂಸತ್ತು ಒಂದು ಕಾಯ್ದೆಯನ್ನು ಮಾಡಿತ್ತು. ಅಲ್ಲಿಯವರೆಗೆ ಬಹುತೇಕ ಎಲ್ಲವೂ ಆಯಾ ಸಂಸ್ಥೆ ನಡೆಸುವವರ ಒಳ್ಳೆಯತನದ ಮೇಲೆ ನಿಂತಿತ್ತು.

ಇಂದು ನೋಡುವವರಿಗೆ ಬೇಸರ ತರುವ ಅಂಶಗಳಿವೆಯೇ?

ಇವೆ, ಮುಚ್ಚಿಡುವುದೇನೂ ಇಲ್ಲ. ಮುಖ್ಯ ಕಥೆಯೊಂದಿಗೆ ಹೆಚ್ಚು ಸಂಬಂಧವಿಲ್ಲದ ಹಾಸ್ಯದ ಎಳೆ ಆ ಕಾಲದ ಎಲ್ಲ ಚಿತ್ರಗಳಂತೆ ಇಲ್ಲಿಯೂ ಇದೆ. ಆಕಸ್ಮಿಕಗಳು ಬೇಕಾದಾಗ ಬೇಕಾದಲ್ಲಿ ನಡೆಯುತ್ತವೆ. ಅದಕ್ಕಿಂತ ದೊಡ್ಡ ತಕರಾರು ಕಣ್ಣಮ್ಮನ ತಾಳ್ಮೆಯ ಬಗ್ಗೆ. ಸುಮ್ಮನಿರುವುದನ್ನೇ ಹೆಣ್ಣಿನ ದೊಡ್ಡ ಗುಣವೆಂದು ಚಿತ್ರ ಕೊಂಡಾಡುತ್ತದೆ, ಅನುಮಾನಪಟ್ಟ ಗಂಡನಿಗೆ ಹಗುರವಾಗಿ ಕ್ಷಮೆ ಸಿಗುತ್ತದೆ. ಆದರೆ ವಿಚಿತ್ರವೆಂದರೆ, ಆ ಮೌನಕ್ಕೆ ತೆತ್ತ ಬೆಲೆ ಏನೆಂಬುದನ್ನು ಅನಾಥಾಲಯದ ಹುಡುಗನ ಮೂಲಕ ತೋರಿಸಿದ್ದೂ ಇದೇ ಚಿತ್ರ. ಚಿತ್ರದ ಮಾತು ಒಂದನ್ನು ಹೊಗಳಿದರೆ ಚಿತ್ರದ ಹುಡುಗ ಇನ್ನೊಂದನ್ನು ಹೇಳುತ್ತಾನೆ. ಹುಡುಗನನ್ನು ನಂಬುವುದು ಒಳ್ಳೆಯದು.

ಚಿಕ್ಕ ಮಕ್ಕಳ ಜೊತೆ ಕೂತು ನೋಡಬಹುದೇ?

ಧಾರಾಳವಾಗಿ ನೋಡಬಹುದು. ಹಿಂಸೆಯ ದೃಶ್ಯಗಳ ಭಯವಿಲ್ಲ. ‘ಅಜ್ಜ ಯಾಕೆ ಸುಳ್ಳು ಹೇಳಿದ?’ ಎಂಬ ಪ್ರಶ್ನೆ ಬರುವುದು ಖಚಿತ, ಅದಕ್ಕೆ ಉತ್ತರ ಸಿದ್ಧವಿಟ್ಟುಕೊಂಡು ಕೂರುವುದು ಲೇಸು.

ಇದರ ನಂತರ ಇದೇ ಜಾಡಿನಲ್ಲಿ ಏನು ನೋಡಬಹುದು?

ಮಣಿರತ್ನಂ ಅವರ ‘ಕನ್ನತ್ತಿಲ್ ಮುತ್ತಮಿಟ್ಟಾಲ್’ (2002) ಚಿತ್ರದಲ್ಲಿ ದತ್ತು ಮಗಳೊಬ್ಬಳು ತನ್ನ ಹೆತ್ತ ತಾಯಿಯನ್ನು ಹುಡುಕಿ ಶ್ರೀಲಂಕಾಕ್ಕೆ ಹೋಗುತ್ತಾಳೆ. ಅಲ್ಲಿ ಸಾಕಿದವರು ಮಗುವಿಗೆ ಸತ್ಯವನ್ನು ತಾವಾಗಿಯೇ ಹೇಳುತ್ತಾರೆ, ಕಥೆ ಶುರುವಾಗುವುದೇ ಅಲ್ಲಿಂದ. ನಲವತ್ತೆರಡು ವರ್ಷಗಳಲ್ಲಿ ತಮಿಳು ಸಿನಿಮಾ ಎಲ್ಲಿಂದ ಎಲ್ಲಿಗೆ ಬಂತೆಂಬುದನ್ನು ಈ ಎರಡನ್ನೂ ಒಟ್ಟಿಗೆ ನೋಡಿದವರು ತಾವೇ ಅಳೆಯಬಹುದು.

ಕಮಲ್ ಅವರನ್ನೇ ಹಿಂಬಾಲಿಸುವವರಿಗೆ ‘ಪಾರ್ತಾಲ್ ಪಸಿ ತೀರುಂ’ (1962) ಇದೆ, ಅದರಲ್ಲಿ ಅವರು ಇಬ್ಬರು ಹುಡುಗರಾಗಿ ಕಾಣಿಸಿಕೊಂಡಿದ್ದಾರೆ. ‘ಆನಂದ ಜ್ಯೋತಿ’ (1963) ನಂತರ ಅವರು ಟಿ.ಕೆ.ಎಸ್. ಸಹೋದರರ ನಾಟಕ ಕಂಪನಿ ಸೇರಿದರು. ಕನ್ನಡಕ್ಕೆ ಬಂದದ್ದು ಬಾಲು ಮಹೇಂದ್ರ ಅವರ ‘ಕೋಕಿಲ’ (1977) ಚಿತ್ರದಿಂದ. ಇನ್ನೂ ಸ್ವಲ್ಪ ತಾಳ್ಮೆ ಇರುವವರು ‘ನಾಯಗನ್’ (1987) ನೋಡಬೇಕು. ಅಲ್ಲಿಯ ವೇಲು ಕೂಡ ಚಿಕ್ಕಂದಿನಲ್ಲಿ ತಂದೆಯನ್ನು ಕಳೆದುಕೊಂಡು ಪರರ ಆಸರೆಯಲ್ಲಿ ಬೆಳೆದವನೇ. ಆ ಚಿತ್ರದ ‘ನಾನ್ ಸಿರಿತ್ತಾಲ್ ದೀಪಾವಳಿ’ ಹಾಡಿನಲ್ಲಿ ಕೆ. ಜಮುನಾರಾಣಿಯವರ ಜೊತೆ ಕೇಳಿಸುವ ಇನ್ನೊಂದು ದನಿ, ಇಪ್ಪತ್ತೇಳು ವರ್ಷಗಳ ಹಿಂದೆ ಆ ಪುಟ್ಟ ಹುಡುಗನಿಗಾಗಿ ಮುರುಗನನ್ನು ಕರೆದಿದ್ದ ಎಂ.ಎಸ್. ರಾಜೇಶ್ವರಿ ಅವರದು.